ಉದುರುದುರಾದ ಕಿನೋವಾ: ತೊಳೆಯುವುದರಿಂದ ಬಡಿಸುವವರೆಗೆ

ಕಿನೋವಾ ಬೇಯಿಸಿ ಬೇಸರಪಟ್ಟವರ ದೂರು ಸಾಮಾನ್ಯವಾಗಿ ಎರಡೇ: ಕಹಿಯಾಯಿತು, ಇಲ್ಲವೇ ಎಲ್ಲ ಅಂಟಿಕೊಂಡು ಮುದ್ದೆಯಾಯಿತು. ಎರಡಕ್ಕೂ ಮೂಲ ನೀರೇ. ತೊಳೆಯುವಾಗ ನೀರು ಸಾಲದೆ ಹೋದರೆ ಕಹಿ ಉಳಿಯುತ್ತದೆ, ಬೇಯಿಸುವಾಗ ನೀರು ಹೆಚ್ಚಾದರೆ ಕಾಳು ಒಡೆದು ಅಂಟಾಗುತ್ತದೆ. ಈ ನೀರಿನ ಲೆಕ್ಕ ಕೈಗೆ ಹತ್ತಿದರೆ ಉಳಿದದ್ದು ಸುಲಭ. ಒಟ್ಟು ಮುಕ್ಕಾಲು ಗಂಟೆ ಸಾಕು, ಅದರಲ್ಲಿ ಒಲೆಯ ಮುಂದೆ ನಿಲ್ಲಬೇಕಾದದ್ದು ಹತ್ತು ನಿಮಿಷ ಮಾತ್ರ.

ಈ ಬರಹ ಯಾವ ಮುಖ್ಯ ಅಡುಗೆಯ ಪಕ್ಕದಲ್ಲಾದರೂ ಬಡಿಸಬಹುದಾದ ಸಾದಾ ಕಿನೋವಾದ ಬಗ್ಗೆ. ಅಂಗಡಿಯ ಪೊಟ್ಟಣಗಳ ಮೇಲೆ ಕ್ವಿನೋವಾ ಎಂದೂ ಬರೆದಿರುತ್ತಾರೆ, ಎರಡೂ ಒಂದೇ.

ಕಾಳನ್ನು ಒಮ್ಮೆ ಹತ್ತಿರದಿಂದ ನೋಡಿ

ಬಿಳಿ ಕಿನೋವಾದ ಒಂದು ಕಾಳನ್ನು ಬೆರಳ ತುದಿಯಲ್ಲಿಟ್ಟು ನೋಡಿ. ಸುಮಾರು 2 ಮಿಲಿಮೀಟರ್ ಅಗಲದ, ಎರಡೂ ಕಡೆ ಚಪ್ಪಟೆಯಾದ ಪುಟ್ಟ ಬಿಲ್ಲೆ. ಅದರ ಅಂಚಿಗೆ ದಾರ ಸುತ್ತಿದಂತೆ ಒಂದು ತೆಳು ಉಬ್ಬು ಇರುತ್ತದೆ. ಅದೇ ಭ್ರೂಣ, ಮುಂದೆ ಮೊಳಕೆಯಾಗುವ ಭಾಗ. ಭತ್ತದಲ್ಲಿ, ಗೋಧಿಯಲ್ಲಿ ಭ್ರೂಣ ಕಾಳಿನ ಒಂದು ತುದಿಯಲ್ಲಿ ಕುಳಿತಿರುತ್ತದೆ. ಕಿನೋವಾದಲ್ಲಿ ಅದು ಪಿಷ್ಟ ತುಂಬಿದ ತಿರುಳನ್ನು ಸುತ್ತುವರಿದಿರುತ್ತದೆ. ಬೆಂದಾಗ ತಿರುಳು ಉಬ್ಬಿ, ಬೆಳಕು ಹಾಯುವಷ್ಟು ತಿಳಿಯಾಗುತ್ತದೆ. ಭ್ರೂಣ ಬಿಳಿ ಬಾಲದಂತೆ ಬಿಚ್ಚಿಕೊಳ್ಳುತ್ತದೆ. ಬೆಂದಿದೆಯೋ ಇಲ್ಲವೋ ಎಂದು ತಿಳಿಯಲು ಗಡಿಯಾರಕ್ಕಿಂತ ಈ ಬಾಲವನ್ನು ನಂಬಬಹುದು.

ಇದು ಹುಲ್ಲಿನ ಜಾತಿಯ ಧಾನ್ಯವಲ್ಲ. ಪಾಲಕ್, ಬೀಟ್‌ರೂಟ್, ರಾಜಗಿರಿ ಇವೆಲ್ಲ ಸೇರುವ ಕುಟುಂಬದ ಗಿಡದ ಬೀಜ. ಹಾಗಾಗಿ ಗೋಧಿಯಂಥ ಧಾನ್ಯಗಳಲ್ಲಿರುವ ಗ್ಲುಟನ್ ಎಂಬ ಅಂಟು ಪ್ರೋಟೀನ್ ಇದರಲ್ಲಿ ಇಲ್ಲ. ಹುಟ್ಟೂರು ದಕ್ಷಿಣ ಅಮೆರಿಕದ ಆಂಡಿಸ್ ಪರ್ವತಗಳು. ಇಂದಿನ ಪೆರು ಮತ್ತು ಬೊಲಿವಿಯಾಗಳ ಗಡಿಯಲ್ಲಿರುವ ಟಿಟಿಕಾಕಾ ಸರೋವರದ ಸುತ್ತಮುತ್ತ ಸಾವಿರಾರು ವರ್ಷಗಳಿಂದ ಇದನ್ನು ಬೆಳೆಯುತ್ತಾ ಬಂದಿದ್ದಾರೆ. ವಿಶ್ವಸಂಸ್ಥೆ 2013ನ್ನು ಅಂತಾರಾಷ್ಟ್ರೀಯ ಕಿನೋವಾ ವರ್ಷವೆಂದು ಸಾರಿದ ಮೇಲೆ ಹೆಸರು ಇನ್ನಷ್ಟು ದೂರ ಹರಡಿತು. ಬೇಯಿಸಿದ 100 ಗ್ರಾಂ ಕಿನೋವಾದಲ್ಲಿ ಸುಮಾರು 120 ಕ್ಯಾಲೊರಿ, 4.4 ಗ್ರಾಂ ಪ್ರೋಟೀನ್, 2.8 ಗ್ರಾಂ ನಾರು ಇರುತ್ತವೆ. ದೇಹ ತಾನಾಗಿ ತಯಾರಿಸಿಕೊಳ್ಳಲಾಗದ ಒಂಬತ್ತೂ ಅಮೈನೋ ಆಮ್ಲಗಳು ಇದರಲ್ಲಿವೆ.

ಅಡುಗೆಗೆ ಮುಖ್ಯವಾದ ವಿಷಯಗಳು ಎರಡು. ಮೊದಲನೆಯದು, ಕಾಳಿನ ಹೊರಪದರದಲ್ಲಿರುವ ಸಪೋನಿನ್ ಎಂಬ ಕಹಿ ವಸ್ತು. ಹಕ್ಕಿಗಳು, ಹುಳುಗಳು ತಿನ್ನದಂತೆ ಗಿಡ ಮಾಡಿಕೊಂಡ ಏರ್ಪಾಡು ಅದು. ನೀರಿಗೆ ಬಿದ್ದರೆ ಸಾಬೂನಿನಂತೆ ನೊರೆ ಏಳುತ್ತದೆ. ಎರಡನೆಯದು, ಒಳಗಿನ ಪಿಷ್ಟ. ಅದರ ಕಣಗಳು ತೀರಾ ಸಣ್ಣವು, ಅಮೈಲೋಸ್ ಎಂಬ ಅಂಶವೂ ಕಡಿಮೆ. ಅಂಥ ಪಿಷ್ಟ ಕಾಳಿನೊಳಗೇ ಇರುವವರೆಗೆ ತೊಂದರೆ ಕೊಡುವುದಿಲ್ಲ. ಕಾಳು ಒಡೆದು ಹೊರಬಂತೆಂದರೆ ಗಂಜಿಯ ಹಾಗೆ ಅಂಟುತ್ತದೆ. ಕದಡಬೇಡಿ, ಅತಿಯಾಗಿ ಬೇಯಿಸಬೇಡಿ ಎಂದು ಮುಂದೆ ಹೇಳುವುದೆಲ್ಲ ಇದಕ್ಕಾಗಿಯೇ.

ಯಾವ ಬಣ್ಣದ್ದು ತರಬೇಕು

ಬಿಳಿ, ಕೆಂಪು, ಕಪ್ಪು ಈ ಮೂರು ಬಗೆ ಸಾಮಾನ್ಯವಾಗಿ ಸಿಗುತ್ತವೆ. ಬಿಳಿಯದು ಎಲ್ಲಕ್ಕಿಂತ ಮೃದು, ರುಚಿಯೂ ಸೌಮ್ಯ, 15 ನಿಮಿಷದಲ್ಲಿ ಬೇಯುತ್ತದೆ. ಕೆಂಪು ಕಾಳು ಬೆಂದ ಮೇಲೂ ಆಕಾರ ಉಳಿಸಿಕೊಳ್ಳುತ್ತದೆ, ಅದಕ್ಕೆ 17-18 ನಿಮಿಷ ಬೇಕು. ಕಪ್ಪಿಗೆ 20 ನಿಮಿಷ. ಹಲ್ಲಿಗೆ ಸಿಕ್ಕಾಗ ಸಣ್ಣಗೆ ಕರಕರ ಎನ್ನುವುದು ಅದರ ಗುಣ, ಬೇಯದೇ ಉಳಿದ ಗುರುತಲ್ಲ. ಮೊದಲ ಸಲ ಬೇಯಿಸುವವರಿಗೆ ಬಿಳಿಯದೇ ಸರಿ. ಮೂರೂ ಬೆರೆಸಿದ ಪೊಟ್ಟಣ ನೋಡಲು ಚೆಂದ, ಆದರೆ ಕಪ್ಪು ಕಾಳು ಬೇಯುವಷ್ಟರಲ್ಲಿ ಬಿಳಿಯದು ಮೆತ್ತಗಾಗಿರುತ್ತದೆ. ಅದನ್ನೇ ತಂದಿದ್ದರೆ 17 ನಿಮಿಷಕ್ಕೆ ನಿಲ್ಲಿಸಿ, ಅಥವಾ ಮುಂದೆ ಹೇಳಿರುವ ಬಸಿಯುವ ವಿಧಾನದಲ್ಲಿ ಬೇಯಿಸಿ.

ಬೇಕಾದದ್ದು

ನಾಲ್ಕು ಜನರಿಗೆ ಪಕ್ಕದ ಖಾದ್ಯವಾಗಿ ಬಡಿಸಲು 1 ಕಪ್ ಒಣ ಕಿನೋವಾ ಸಾಕು. ಬೆಂದ ಮೇಲೆ ಅದು ಸುಮಾರು ಮೂರು ಕಪ್ ಆಗುತ್ತದೆ, ತಲೆಗೆ ಮುಕ್ಕಾಲು ಕಪ್ ಬರುತ್ತದೆ. ಇಲ್ಲಿ ಕಪ್ ಎಂದರೆ 240 ಮಿಲಿಲೀಟರ್ ಹಿಡಿಯುವ ಅಳತೆಯದು. ಅದರ ತುಂಬ ಕಿನೋವಾ ಸುಮಾರು 170 ಗ್ರಾಂ ತೂಗುತ್ತದೆ. ನಿಮ್ಮ ಬಟ್ಟಲು ಬೇರೆ ಗಾತ್ರದ್ದಾದರೂ ಚಿಂತೆಯಿಲ್ಲ, ಕಾಳಿಗೂ ನೀರಿಗೂ ಅದೇ ಬಟ್ಟಲು ಬಳಸಿದರೆ ಸಾಕು.

ನೀರು 1¾ ಕಪ್, ಅಂದರೆ 420 ಮಿಲಿಲೀಟರ್. ಕೆಂಪು ಅಥವಾ ಕಪ್ಪು ಕಾಳಾದರೆ ಪೂರ್ತಿ 2 ಕಪ್. ಉಪ್ಪು ಅರ್ಧ ಸಣ್ಣ ಚಮಚ, ಎಣ್ಣೆ ಅಥವಾ ಬೆಣ್ಣೆ 1 ಸಣ್ಣ ಚಮಚ.

ಪಾತ್ರೆ ದಪ್ಪ ತಳದ್ದಾಗಿರಲಿ, 2 ಲೀಟರ್ ಹಿಡಿಯುವಂಥದ್ದು, ಸರಿಯಾಗಿ ಕೂರುವ ಮುಚ್ಚಳ ಇರುವಂಥದ್ದು. ಅಗಲವಾದ ಬಾಣಲೆಯಲ್ಲಿ ಬೇಯಿಸಿದರೆ ನೀರು ಬೇಗ ಆವಿಯಾಗಿ, ಕಾಳು ಬೇಯುವ ಮೊದಲೇ ತಳ ಹಿಡಿಯುತ್ತದೆ. ಇನ್ನೊಂದು ವಸ್ತು ಅತಿ ಸಣ್ಣ ಕಣ್ಣಿನ ಜಾಲರಿ ಜರಡಿ. ಸಾಧಾರಣ ತೂತಿನ ಜರಡಿಯಲ್ಲಿ ತೊಳೆದರೆ ಕಾಳೆಲ್ಲ ನೀರಿನ ಜೊತೆ ಹರಿದುಹೋಗುತ್ತದೆ. ಜಾಲರಿ ಜರಡಿ ಇಲ್ಲದಿದ್ದರೆ ತೂತಿನ ಪಾತ್ರೆಯೊಳಗೆ ತೆಳು ಹತ್ತಿ ಬಟ್ಟೆ ಹಾಸಿಕೊಳ್ಳಿ.

ನೀರಿನ ಲೆಕ್ಕ

ಹೆಚ್ಚಿನ ಪೊಟ್ಟಣಗಳ ಮೇಲೆ ಒಂದು ಕಪ್ ಕಾಳಿಗೆ ಎರಡು ಕಪ್ ನೀರು ಎಂದು ಅಚ್ಚಾಗಿರುತ್ತದೆ. ತೊಳೆಯದ ಒಣ ಕಾಳಿಗೆ ಅದು ಹೊಂದಬಹುದು. ತೊಳೆದ ಕಾಳು ಎರಡು ಮೂರು ದೊಡ್ಡ ಚಮಚದಷ್ಟು ನೀರನ್ನು ಮೈಗೆ ಹಿಡಿದುಕೊಂಡೇ ಪಾತ್ರೆಗೆ ಬರುತ್ತದೆ. ಅದರ ಮೇಲೆ ಎರಡು ಕಪ್ ಸುರಿದರೆ ಬಿಳಿ ಕಾಳಿಗೆ ನೀರು ಹೆಚ್ಚಾಗುತ್ತದೆ. 1¾ ಕಪ್ ಎಂದು ಹೇಳಿದ್ದು ಆ ಅಡಗಿದ ನೀರನ್ನು ಕಳೆದೇ.

ಅಡುಗೆ ತಕ್ಕಡಿ ಇದ್ದವರು ಈ ಊಹೆಯನ್ನೂ ಬಿಟ್ಟುಬಿಡಬಹುದು. 170 ಗ್ರಾಂ ಒಣ ಬಿಳಿ ಕಾಳನ್ನು ತೊಳೆದು, ಬಸಿದು, ಖಾಲಿ ಪಾತ್ರೆಯ ತೂಕ ಸೊನ್ನೆಗೆ ತಂದ ತಕ್ಕಡಿಯ ಮೇಲೆ ಪಾತ್ರೆಗೆ ಹಾಕಿ. ಈಗ ಕಾಳು ಮತ್ತು ನೀರು ಸೇರಿ 630 ಗ್ರಾಂ ಆಗುವವರೆಗೆ ನೀರು ಸುರಿಯಿರಿ. ಜರಡಿಯಲ್ಲಿ ಎಷ್ಟೇ ನೀರು ಉಳಿದಿರಲಿ, ಪ್ರತಿ ಸಲವೂ ಫಲ ಒಂದೇ. ತೊಳೆದ ಕಾಳನ್ನು ಹುರಿಯುವುದಿದ್ದರೆ ಹುರಿದ ನಂತರ ತೂಗಿ, ಏಕೆಂದರೆ ಹುರಿಯುವಾಗ ಆ ನೀರು ಹಾರಿಹೋಗಿರುತ್ತದೆ. ಕಪ್ಪಿನಲ್ಲೇ ಅಳೆಯುವವರು ಹುರಿದ ಕಾಳಿಗೆ ಎರಡು ದೊಡ್ಡ ಚಮಚ ನೀರು ಹೆಚ್ಚಿಗೆ ಹಾಕಿದರೆ ಲೆಕ್ಕ ಸರಿಹೋಗುತ್ತದೆ.

ಪ್ರಮಾಣ ಹೆಚ್ಚಿಸುವಾಗ ಅನೇಕರು ಎಡವುತ್ತಾರೆ. ಕಾಳು ಎರಡರಷ್ಟಾದರೆ ನೀರೂ ಎರಡರಷ್ಟು ಎಂದುಕೊಳ್ಳುವುದು ಸಹಜ. ಆದರೆ ಮುಚ್ಚಳದ ಸಂದಿಯಿಂದ ಹೋಗುವ ಆವಿಯ ಪ್ರಮಾಣ ಪಾತ್ರೆಯನ್ನೂ ಸಮಯವನ್ನೂ ಅವಲಂಬಿಸಿದೆ, ಕಾಳಿನ ಪ್ರಮಾಣವನ್ನಲ್ಲ. ಆದ್ದರಿಂದ 2 ಕಪ್ ಕಾಳಿಗೆ 3½ ಕಪ್ ಬದಲು 3¼ ಕಪ್ ನೀರು ಸಾಕು. ಅದೇ ರೀತಿ ಅರ್ಧ ಕಪ್ ಕಾಳಿಗೆ ಪೂರ್ತಿ 1 ಕಪ್ ನೀರು ಬೇಕಾಗುತ್ತದೆ.

ಒಂದನೇ ಹಂತ: ತೊಳೆಯುವುದು

ಮಾರಾಟಕ್ಕೆ ಬರುವ ಮುನ್ನ ಕಾಳನ್ನು ಯಂತ್ರದಲ್ಲಿ ಉಜ್ಜಿಯೋ ನೀರಿನಲ್ಲಿ ತೊಳೆದೋ ಸಪೋನಿನ್ ತೆಗೆದಿರುತ್ತಾರೆ. ಪೊಟ್ಟಣದ ಮೇಲೆ ತೊಳೆದದ್ದು ಎಂದು ಬರೆದಿದ್ದರೂ ಮನೆಯಲ್ಲಿ ಇನ್ನೊಮ್ಮೆ ತೊಳೆಯಿರಿ. ಉಜ್ಜುವಾಗ ಎದ್ದ ಪುಡಿ ಕಾಳಿನ ಮೇಲೆಯೇ ಕುಳಿತಿರುತ್ತದೆ. ಎರಡು ನಿಮಿಷದ ಕೆಲಸ ಉಳಿಸಲು ಹೋಗಿ ಇಡೀ ಪಾತ್ರೆ ಕಹಿ ಮಾಡಿಕೊಳ್ಳುವುದು ಬೇಡ.

ಮೊದಲು ಕಾಳನ್ನು ಬಿಳಿ ತಟ್ಟೆಯಲ್ಲಿ ಹರಡಿ ಕಲ್ಲು, ಕಡ್ಡಿ, ಹೊಟ್ಟು ಇದ್ದರೆ ಆರಿಸಿ. ಆಮೇಲೆ ಅಗಲ ಬಟ್ಟಲಿಗೆ ಹಾಕಿ, ಮುಳುಗುವಷ್ಟು ತಣ್ಣೀರು ಸುರಿದು, ಅಂಗೈಗಳ ನಡುವೆ ಮೃದುವಾಗಿ ಉಜ್ಜಿ. ನೀರು ಮಬ್ಬಾಗಿ, ಅಂಚಿನಲ್ಲಿ ಸಣ್ಣ ಗುಳ್ಳೆಗಳ ನೊರೆ ನಿಲ್ಲುವುದು ಕಾಣುತ್ತದೆ. ಆ ನೊರೆಯೇ ಸಪೋನಿನ್ ಬಿಡುತ್ತಿರುವುದರ ಗುರುತು. ಜರಡಿಗೆ ಸುರಿದು ಬಸಿಯಿರಿ. ಇದನ್ನೇ ಮೂರು ಸಲ ಮಾಡಿದರೆ ಸಾಮಾನ್ಯವಾಗಿ ನೀರು ತಿಳಿಯಾಗುತ್ತದೆ. ಕೊನೆಗೆ ಜರಡಿಯನ್ನು ನಲ್ಲಿಯ ಕೆಳಗೆ ಹಿಡಿದು, ಬೆರಳಿನಿಂದ ತಿರುಗಿಸುತ್ತಾ ಅರ್ಧ ನಿಮಿಷ ನೀರು ಹಾಯಿಸಿ.

ಸಾಕಾಯಿತೇ ಎಂದು ತಿಳಿಯಲು ಎರಡು ಪರೀಕ್ಷೆಗಳಿವೆ. ಹೊಸ ನೀರಿನಲ್ಲಿ ಕಾಳನ್ನು ಕಲಕಿದಾಗ ಎದ್ದ ಗುಳ್ಳೆ ಕೂಡಲೇ ಒಡೆದುಹೋದರೆ ಸರಿ, ನೊರೆಯಾಗಿ ನಿಂತರೆ ಇನ್ನೂ ತೊಳೆಯಬೇಕು. ಎರಡನೆಯದು ನಾಲಿಗೆ. ಒಂದೆರಡು ಹಸಿ ಕಾಳನ್ನು ಮುಂಭಾಗದ ಹಲ್ಲಿನಿಂದ ಕಚ್ಚಿ ನೋಡಿ. ಕಹಿ ಇದ್ದರೆ ಅಲ್ಲೇ ತಿಳಿಯುತ್ತದೆ.

ಬಿಸಿನೀರಿನಲ್ಲಿ ತೊಳೆಯಬೇಡಿ, ಹೊರಪದರ ಮೆತ್ತಗಾಗಿ ಪಿಷ್ಟ ಬಿಡಲು ಶುರುವಾಗುತ್ತದೆ. ಗಂಟೆಗಟ್ಟಲೆ ನೆನೆಸುವ ಅಗತ್ಯವೂ ಇಲ್ಲ. ತುಂಬಾ ನೊರೆ ಬರುವ ಕಾಳಾದರೆ 5 ನಿಮಿಷ ತಣ್ಣೀರಿನಲ್ಲಿಟ್ಟು ಆಮೇಲೆ ಉಜ್ಜಿದರೆ ಕೆಲಸ ಹಗುರಾಗುತ್ತದೆ. ರಾತ್ರಿಯಿಡೀ ನೆನೆಸಿದರೆ ಕಾಳು ಸಾಕಷ್ಟು ನೀರು ಕುಡಿದಿರುತ್ತದೆ. ಅಂಥದ್ದಕ್ಕೆ ಮೇಲಿನ ಅಳತೆ ಹೊಂದುವುದಿಲ್ಲ, ತಕ್ಕಡಿಯ ಲೆಕ್ಕವೇ ಗತಿ.

ತೊಳೆದ ಮೇಲೆ ಜರಡಿಯನ್ನು ಬಟ್ಟಲಿನ ಮೇಲಿಟ್ಟು 5 ನಿಮಿಷ ಬಿಡಿ. ಜರಡಿಯನ್ನು ಓರೆ ಮಾಡಿ ಅಂಚನ್ನು ಎರಡು ಸಲ ತಟ್ಟಿದರೆ ತಳದಲ್ಲಿ ನಿಂತ ನೀರೂ ಇಳಿಯುತ್ತದೆ.

ಎರಡನೇ ಹಂತ: ಹುರಿಯುವುದು

ಇದು ಬೇಕೇ ಬೇಕೆಂದಲ್ಲ. ಆದರೆ ಕಿನೋವಾ ಸಪ್ಪೆ ಎನ್ನುವವರು ಒಮ್ಮೆ ಹುರಿದು ಬೇಯಿಸಿ ನೋಡಬೇಕು. ಪಾತ್ರೆಯನ್ನು ಮಧ್ಯಮ ಉರಿಯಲ್ಲಿ ಕಾಯಿಸಿ, ಒಂದು ಸಣ್ಣ ಚಮಚ ಎಣ್ಣೆ ಹಾಕಿ, ಬಸಿದ ಕಾಳು ಸುರಿಯಿರಿ. ಮೊದಲ ಎರಡು ನಿಮಿಷ ಕಾಳುಗಳು ಒದ್ದೆಯಾಗಿ ಗುಂಪುಗುಂಪಾಗಿರುತ್ತವೆ. ಸೌಟಿನಿಂದ ತಿರುವುತ್ತಿರಿ. ನೀರು ಹಾರಿದ ಮೇಲೆ ಅವು ಬಿಡಿಬಿಡಿಯಾಗಿ ಮರಳಿನಂತೆ ಸರಿಯತೊಡಗುತ್ತವೆ. ಆಗ ಚಟಪಟ ಸದ್ದು ಕೇಳಿ, ಹುರಿದ ಬಾದಾಮಿಯಂಥ ಪರಿಮಳ ಬರುತ್ತದೆ. ಅಲ್ಲಿಗೆ ನಿಲ್ಲಿಸಿ. ಒಟ್ಟು 4-5 ನಿಮಿಷ. ಕಾಳು ಸಣ್ಣದು, ಪರಿಮಳದಿಂದ ಸೀದ ವಾಸನೆಗೆ ತಿರುಗಲು ಅರ್ಧ ನಿಮಿಷವೂ ಬೇಡ. ಕಪ್ಪು ಕಾಳಿನಲ್ಲಿ ಬಣ್ಣ ಬದಲಾಗುವುದು ಕಾಣುವುದಿಲ್ಲ, ಮೂಗನ್ನೇ ನಂಬಬೇಕು.

ಹುರಿದರೆ ರುಚಿ ಕೂಡುವುದಷ್ಟೇ ಅಲ್ಲ, ಕಾಳಿನ ಮೇಲೆ ಎಣ್ಣೆಯ ತೆಳು ಪದರ ಕುಳಿತು ಒಂದಕ್ಕೊಂದು ಅಂಟುವುದೂ ಕಡಿಮೆಯಾಗುತ್ತದೆ.

ಮೂರನೇ ಹಂತ: ಬೇಯಿಸುವುದು

ಪಾತ್ರೆಗೆ ನೀರು ಮತ್ತು ಉಪ್ಪು ಹಾಕಿ. ಹುರಿದ ಕಾಳಿಗೆ ನೀರು ಸುರಿಯುವಾಗ ಬಿಸಿ ಪಾತ್ರೆಯಿಂದ ಆವಿ ಭುಸ್ಸೆಂದು ಏಳುತ್ತದೆ, ಮುಖ ದೂರವಿರಲಿ. ಉಪ್ಪನ್ನು ಮೊದಲೇ ಹಾಕಿದರೆ ಕಾಳಿನೊಳಗೆ ಇಳಿಯುತ್ತದೆ. ಬೆಂದ ಮೇಲೆ ಉದುರಿಸಿದ ಉಪ್ಪು ಮೇಲ್ಮೈಯಲ್ಲೇ ಉಳಿದು, ಒಂದು ತುತ್ತು ಉಪ್ಪುಪ್ಪು, ಇನ್ನೊಂದು ಸಪ್ಪೆ ಎನಿಸುತ್ತದೆ. ನೀರಿನ ಬದಲು ತರಕಾರಿ ಬೇಯಿಸಿದ ನೀರನ್ನೋ ಸ್ಟಾಕ್ ಅನ್ನೋ ಬಳಸಬಹುದು. ಅದರಲ್ಲಿ ಉಪ್ಪಿದ್ದರೆ ನೀವು ಹಾಕುವುದನ್ನು ಬಿಡಿ. ನಿಂಬೆರಸ, ಟೊಮೆಟೊ ಮುಂತಾದ ಹುಳಿ ಪದಾರ್ಥಗಳನ್ನು ಈಗ ಸೇರಿಸಬೇಡಿ. ಹುಳಿಯಲ್ಲಿ ಬೀಜದ ಸಿಪ್ಪೆ ಮೆತ್ತಗಾಗುವುದು ನಿಧಾನ.

ಜೋರು ಉರಿಯಲ್ಲಿ ಕುದಿ ಬರಿಸಿ. ನೀರಿನ ಮೇಲೆಲ್ಲ ಗುಳ್ಳೆ ಎದ್ದ ಕೂಡಲೇ ಒಮ್ಮೆ ಮಾತ್ರ ಕದಡಿ, ಪಾತ್ರೆಯ ಬದಿಗೆ ಅಂಟಿದ ಕಾಳನ್ನು ಕೆಳಗೆ ತಳ್ಳಿ. ಉರಿಯನ್ನು ಸಾಧ್ಯವಾದಷ್ಟು ಸಣ್ಣದು ಮಾಡಿ, ಮುಚ್ಚಳ ಮುಚ್ಚಿ, ಗಡಿಯಾರ ನೋಡಿಕೊಳ್ಳಿ. ಬಿಳಿಗೆ 15 ನಿಮಿಷ, ಕೆಂಪಿಗೆ 17-18, ಕಪ್ಪಿಗೆ 20. ವಿದ್ಯುತ್ ಒಲೆಯಾದರೆ ಉರಿ ತಗ್ಗಿಸಿದ ಮೇಲೂ ಬಿಲ್ಲೆ ಬಿಸಿಯಾಗಿಯೇ ಇರುತ್ತದೆ. ಪಾತ್ರೆಯನ್ನು ಒಂದು ನಿಮಿಷ ಪಕ್ಕಕ್ಕೆ ಸರಿಸಿ ಮತ್ತೆ ಇಡಿ, ಇಲ್ಲದಿದ್ದರೆ ಉಕ್ಕುತ್ತದೆ.

ಈ ಹೊತ್ತಿನಲ್ಲಿ ಮುಚ್ಚಳ ತೆರೆಯುವುದೂ ಕದಡುವುದೂ ಬೇಡ. ತೆರೆದಾಗಲೆಲ್ಲ ಆವಿ ಹೋಗುತ್ತದೆ, ನೀರಿನ ಲೆಕ್ಕ ತಪ್ಪುತ್ತದೆ. ಕದಡಿದರೆ ಅರೆಬೆಂದ ಮೆತ್ತನೆ ಕಾಳು ಒಡೆದು ಪಿಷ್ಟ ಬಿಡುತ್ತದೆ. ಕಿವಿ ಮಾತ್ರ ಪಾತ್ರೆಯ ಕಡೆಗಿರಲಿ: ಒಳಗೆ ಗುಳುಗುಳು ಸದ್ದಿದ್ದರೆ ನೀರಿದೆ ಎಂದರ್ಥ. ಅದು ನಿಂತು ಸಣ್ಣಗೆ ಚರಚರ ಎನ್ನತೊಡಗಿದರೆ ತಳ ಒಣಗಿದೆ, ಉರಿ ಆರಿಸುವ ಹೊತ್ತು ಬಂದಿದೆ.

ಹೇಳಿದ ಸಮಯ ಮುಗಿದಾಗ ಒಮ್ಮೆ ತೆರೆದು, ಚಮಚದ ಹಿಡಿಯಿಂದ ಮಧ್ಯದಲ್ಲಿ ತಳ ಕಾಣುವಂತೆ ಸಣ್ಣ ಗುಳಿ ಮಾಡಿ ನೋಡಿ. ತಳದಲ್ಲಿ ನೀರು ನಿಂತಿರಬಾರದು. ಕಾಳು ತಿಳಿಯಾಗಿ, ಬಿಳಿ ಬಾಲ ಬಿಚ್ಚಿರಬೇಕು. ಒಂದು ಕಾಳನ್ನು ಬೆರಳುಗಳ ನಡುವೆ ಒತ್ತಿದಾಗ ಮಧ್ಯದಲ್ಲಿ ಸುಣ್ಣದಂಥ ಗಟ್ಟಿ ಬಿಳಿ ಚುಕ್ಕೆ ಉಳಿದಿದ್ದರೆ ಇನ್ನೂ ಎರಡು ಮೂರು ನಿಮಿಷ ಬೇಕು.

ಎತ್ತರದ ಊರುಗಳಲ್ಲಿ ಈ ಸಮಯ ಸಾಲದು. ಗಾಳಿಯ ಒತ್ತಡ ಕಡಿಮೆಯಾದಂತೆ ನೀರು ಕಡಿಮೆ ಬಿಸಿಯಲ್ಲೇ ಕುದಿಯುತ್ತದೆ. ಕಿನೋವಾದ ತವರಾದ ಟಿಟಿಕಾಕಾ ಸರೋವರ ಸಮುದ್ರಮಟ್ಟದಿಂದ ಸುಮಾರು 3,800 ಮೀಟರ್ ಎತ್ತರದಲ್ಲಿದೆ, ಅಲ್ಲಿ ನೀರು ಸುಮಾರು 87 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುತ್ತದೆ. 1,500 ಮೀಟರ್‌ಗಿಂತ ಎತ್ತರದಲ್ಲಿ ಇರುವವರು ಎರಡು ಮೂರು ದೊಡ್ಡ ಚಮಚ ನೀರು, 3-5 ನಿಮಿಷ ಸಮಯ ಹೆಚ್ಚಿಗೆ ಇಟ್ಟುಕೊಳ್ಳಿ.

ನಾಲ್ಕನೇ ಹಂತ: ಇಂಗಲು ಬಿಡುವುದು

ಬೆಂದ ಕೂಡಲೇ ಸೌಟು ಹಾಕುವುದೇ ಹೆಚ್ಚಿನ ಕಿನೋವಾ ಕೆಡಲು ಕಾರಣ. ಒಲೆಯಿಂದ ಇಳಿಸಿದ ಗಳಿಗೆಯಲ್ಲಿ ಕಾಳಿನ ಹೊರಮೈ ಒದ್ದೆಯಾಗಿ, ತೀರಾ ನಾಜೂಕಾಗಿರುತ್ತದೆ. ಕೆಳಗಿನ ಪದರ ಮೇಲಿನದಕ್ಕಿಂತ ಹೆಚ್ಚು ನೀರು ಹೀರಿರುತ್ತದೆ. ಹತ್ತು ನಿಮಿಷ ಮುಚ್ಚಿಟ್ಟರೆ ಉಳಿದ ತೇವ ಕಾಳಿನೊಳಗೆ ಇಂಗಿ ಎಲ್ಲೆಡೆ ಸಮನಾಗಿ ಹಂಚಿಕೊಳ್ಳುತ್ತದೆ, ಹೊರಮೈ ಬಿಗಿಯಾಗುತ್ತದೆ.

ಉರಿ ಆರಿಸಿ, ಪಾತ್ರೆ ಕೆಳಗಿಳಿಸಿ. ಮುಚ್ಚಳ ತೆಗೆದು, ಪಾತ್ರೆಯ ಬಾಯಿಗೆ ಒಣ ಹತ್ತಿ ಬಟ್ಟೆಯನ್ನು ಎರಡು ಮಡಿಕೆಯಾಗಿ ಹೊದಿಸಿ, ಅದರ ಮೇಲೆ ಮುಚ್ಚಳ ಒತ್ತಿ. ಇಳಿಬಿದ್ದ ಅಂಚುಗಳನ್ನು ಮೇಲಕ್ಕೆ ಮಡಚಿ, ಹತ್ತಿರದಲ್ಲಿ ಉರಿಯುವ ಒಲೆ ಇರಬಾರದು. ಏರುವ ಆವಿ ಮುಚ್ಚಳಕ್ಕೆ ತಾಗಿ ಹನಿಯಾಗಿ ಮತ್ತೆ ಕಾಳಿನ ಮೇಲೆ ಬೀಳುವ ಬದಲು ಬಟ್ಟೆಗೆ ಇಳಿಯುತ್ತದೆ. ಹತ್ತು ನಿಮಿಷದ ನಂತರ ಬಟ್ಟೆ ಮುಟ್ಟಿ ನೋಡಿ. ಅದು ಒದ್ದೆಯಾಗಿರುತ್ತದೆ. ಬಟ್ಟೆ ಇಲ್ಲದಿದ್ದರೆ ಅಷ್ಟೂ ನೀರು ಕಾಳಿಗೆ ಮರಳುತ್ತಿತ್ತು.

ಆಮೇಲೆ ಫೋರ್ಕ್ ತೆಗೆದುಕೊಳ್ಳಿ, ಚಮಚ ಬೇಡ. ಚಮಚ ಕಾಳನ್ನು ಒತ್ತುತ್ತದೆ, ಫೋರ್ಕ್‌ನ ಹಲ್ಲುಗಳು ಬಿಡಿಸುತ್ತವೆ. ಅಂಚಿನಿಂದ ಒಳಕ್ಕೆ, ಕೆಳಗಿನದನ್ನು ಮೇಲೆತ್ತಿ ಹಗುರವಾಗಿ ಕೆದರಿ. ಸರಿಯಾಗಿ ಬೆಂದ ಕಿನೋವಾ ಫೋರ್ಕ್‌ನಿಂದ ಮಳೆಹನಿಯಂತೆ ಬಿಡಿಬಿಡಿಯಾಗಿ ಉದುರುತ್ತದೆ.

ಬಸಿಯುವ ವಿಧಾನ

ಅಳತೆಯೇ ಬೇಡ ಎನ್ನುವವರಿಗೆ, ತಣ್ಣನೆಯ ಸಲಾಡ್‌ಗೆ ಕಾಳು ಬೇಕಾದವರಿಗೆ ಈ ವಿಧಾನ ಉತ್ತಮ. ಎಷ್ಟು ತೊಳೆದರೂ ಕಹಿ ಬಿಡದ ಕಾಳಿಗಂತೂ ಇದೇ ಮದ್ದು. ದೊಡ್ಡ ಪಾತ್ರೆಯಲ್ಲಿ 8 ಕಪ್ ನೀರು ಕುದಿಸಿ, 2 ಸಣ್ಣ ಚಮಚ ಉಪ್ಪು ಹಾಕಿ, ತೊಳೆದ ಒಂದು ಕಪ್ ಕಾಳು ಸುರಿಯಿರಿ. ಮುಚ್ಚದೆ, ಮಧ್ಯಮ ಉರಿಯಲ್ಲಿ ಬಿಳಿಯದನ್ನು 10-12 ನಿಮಿಷ ಕುದಿಸಿ. ಒಂಬತ್ತನೇ ನಿಮಿಷದಿಂದಲೇ ರುಚಿ ನೋಡುತ್ತಿರಿ. ಕಚ್ಚಿದಾಗ ಇನ್ನೂ ಸ್ವಲ್ಪ ಬಿಗಿ ಇರುವಾಗಲೇ ಜರಡಿಗೆ ಬಸಿದು, ಎರಡು ನಿಮಿಷ ಇಳಿಯಲು ಬಿಟ್ಟು, ಬಿಸಿಯಿರುವ ಅದೇ ಪಾತ್ರೆಗೆ ಮರಳಿ ಹಾಕಿ. ಬಟ್ಟೆ, ಮುಚ್ಚಳ ಮುಚ್ಚಿ ಹತ್ತು ನಿಮಿಷ ಬಿಡಿ.

ತಳ ಹಿಡಿಯುವ ಪ್ರಶ್ನೆಯೇ ಇಲ್ಲ, ಬಿಟ್ಟ ಪಿಷ್ಟವೂ ಉಳಿದ ಕಹಿಯೂ ನೀರಿನೊಂದಿಗೆ ಹೊರಗೆ ಹೋಗುತ್ತವೆ. ನೀರಿನಲ್ಲಿ ಕರಗುವ ಬಿ ಜೀವಸತ್ವಗಳ ಒಂದು ಪಾಲೂ ಜೊತೆಗೇ ಹೋಗುತ್ತದೆ ಎನ್ನುವುದೊಂದೇ ಕೊರತೆ. ದಿನನಿತ್ಯದ ಅಡುಗೆಗೆ ಮೊದಲನೆಯ ವಿಧಾನವೇ ಮೇಲು.

ಪ್ರೆಶರ್ ಕುಕ್ಕರ್ ಮತ್ತು ರೈಸ್ ಕುಕ್ಕರ್

ಪ್ರೆಶರ್ ಕುಕ್ಕರ್‌ನಲ್ಲಿ ಆವಿ ಹೊರಗೆ ಹೋಗುವುದು ಕಡಿಮೆ, ಹಾಗಾಗಿ ಒಂದು ಕಪ್ ಕಾಳಿಗೆ 1½ ಕಪ್ ನೀರು ಮಾತ್ರ. ಸೀಟಿ ಹಾಕುವ ಕುಕ್ಕರ್ ಆದರೆ ಮಧ್ಯಮ ಉರಿಯಲ್ಲಿ ಒಂದೇ ಸೀಟಿಗೆ ಆರಿಸಿ, ಒತ್ತಡ ತಾನಾಗಿ ಇಳಿಯುವವರೆಗೆ ಕಾಯಿರಿ. ವಿದ್ಯುತ್ ಪ್ರೆಶರ್ ಕುಕ್ಕರ್‌ನಲ್ಲಿ ಹೆಚ್ಚಿನ ಒತ್ತಡದಲ್ಲಿ 1 ನಿಮಿಷ ಇಟ್ಟು, ಹತ್ತು ನಿಮಿಷ ಹಾಗೇ ಬಿಟ್ಟು ಮುಚ್ಚಳ ತೆಗೆಯಿರಿ. ಎರಡು ಸೀಟಿಗೆ ಬಿಟ್ಟರೆ ಬಿಳಿ ಕಿನೋವಾ ಕರಗಿ ಗಂಜಿಯಾಗುತ್ತದೆ.

ಒಂದು ಎಚ್ಚರಿಕೆಯನ್ನು ಮಾತ್ರ ಮರೆಯಬೇಡಿ. ಕಿನೋವಾ ನೊರೆ ಬರುವ ಕಾಳು, ನೊರೆ ಮೇಲೇರಿ ಆವಿಯ ತೂತನ್ನು ಕಟ್ಟಿಬಿಡಬಹುದು. ಕುಕ್ಕರನ್ನು ಅರ್ಧಕ್ಕಿಂತ ಹೆಚ್ಚು ತುಂಬಿಸಬೇಡಿ, ಒಂದು ಸಣ್ಣ ಚಮಚ ಎಣ್ಣೆ ಹಾಕಿ, ಕಾಳನ್ನು ಎಂದಿಗಿಂತ ಚೆನ್ನಾಗಿ ತೊಳೆಯಿರಿ. ಒತ್ತಡ ಇಳಿಯುವ ಮೊದಲು ಬಲವಂತವಾಗಿ ಆವಿ ಬಿಡಿಸಿದರೆ ನೊರೆಯೆಲ್ಲ ಹೊರಕ್ಕೆ ಚಿಮ್ಮುತ್ತದೆ.

ರೈಸ್ ಕುಕ್ಕರ್‌ಗೆ ಪಾತ್ರೆಯ ಅಳತೆಯೇ, 1¾ ಕಪ್ ನೀರು. ಬಿಳಿ ಅಕ್ಕಿಯ ಗುಂಡಿ ಒತ್ತಿ, ಅದು ಆರಿದ ಮೇಲೆ ಹತ್ತು ನಿಮಿಷ ಬಿಟ್ಟು ತೆರೆಯಿರಿ. ಬಿಸಿಯಾಗಿಡುವ ಸ್ಥಿತಿಯಲ್ಲಿ ಗಂಟೆಗಟ್ಟಲೆ ಬಿಟ್ಟರೆ ತಳ ಗಟ್ಟಿಯಾಗುತ್ತದೆ.

ರುಚಿ ಕೂಡಿಸುವುದು

ಸಾದಾ ಕಿನೋವಾಗೆ ಹೆಚ್ಚು ಅಲಂಕಾರ ಬೇಡ, ಆದರೆ ಹಾಕುವ ಕ್ರಮ ಮುಖ್ಯ. ಬೆಂದ ಮೂರು ಕಪ್ ಕಾಳಿಗೆ ಮೊದಲು 1 ದೊಡ್ಡ ಚಮಚ ಬೆಣ್ಣೆ ಅಥವಾ ಆಲಿವ್ ಎಣ್ಣೆ, ಕಾಳು ಬಿಸಿಯಿರುವಾಗಲೇ. ಅದು ಪ್ರತಿ ಕಾಳಿಗೂ ಹಚ್ಚಿಕೊಂಡ ಮೇಲೆ 1 ದೊಡ್ಡ ಚಮಚ ನಿಂಬೆರಸ. ನಿಂಬೆರಸವನ್ನು ಮೊದಲು ಹಾಕಿದರೆ ಅದು ಬಿದ್ದ ಜಾಗದ ಕಾಳಷ್ಟೇ ಹೀರಿಕೊಂಡು ಅಲ್ಲಲ್ಲಿ ಹುಳಿಯಾಗುತ್ತದೆ. ಕೊನೆಗೆ ಕಾಲು ಸಣ್ಣ ಚಮಚ ಕಾಳುಮೆಣಸಿನ ಪುಡಿ, ಬಡಿಸುವ ಮುಂಚೆ ಎರಡು ದೊಡ್ಡ ಚಮಚ ಸಣ್ಣಗೆ ಹೆಚ್ಚಿದ ಸೊಪ್ಪು. ಬಿಸಿ ಕಾಳಿಗೆ ಬೇಗ ಹಾಕಿದ ಸೊಪ್ಪು ಬಾಡಿ ಕಪ್ಪಾಗುತ್ತದೆ.

ಬೆಳ್ಳುಳ್ಳಿಯ ರುಚಿ ಬೇಕಿದ್ದರೆ ಜಜ್ಜಿದ ಎರಡು ಎಸಳನ್ನು ಹುರಿಯುವ ಹಂತದ ಕೊನೆಯ ಅರ್ಧ ನಿಮಿಷದಲ್ಲಿ ಸೇರಿಸಿ. ಈರುಳ್ಳಿಯಾದರೆ ಕಾಳಿಗಿಂತ ಮೊದಲೇ ಎಣ್ಣೆಯಲ್ಲಿ ಬಾಡಿಸಬೇಕು. ಹುರಿದ ಬಾದಾಮಿ ಚೂರನ್ನು ತಟ್ಟೆಗೆ ಬಡಿಸಿದ ಮೇಲೆ ಉದುರಿಸಿ, ಮುಂಚೆ ಬೆರೆಸಿದರೆ ತೇವ ಹೀರಿ ಮೆತ್ತಗಾಗುತ್ತದೆ.

ಕೆಟ್ಟರೆ ಸರಿಪಡಿಸುವುದು

ನೀರು ಉಳಿದಿದೆ, ಕಾಳು ಬೆಂದಿದೆ: ಇನ್ನೂ ಕುದಿಸುತ್ತಾ ಕೂರಬೇಡಿ. ಜರಡಿಗೆ ಬಸಿದು, ಪಾತ್ರೆಗೆ ಮರಳಿ ಹಾಕಿ, ಬಟ್ಟೆ ಮುಚ್ಚಿ ಇಂಗಲು ಬಿಡಿ.

ನೀರು ಮುಗಿದಿದೆ, ಕಾಳು ಬೆಂದಿಲ್ಲ: 3 ದೊಡ್ಡ ಚಮಚ ಕುದಿಯುವ ನೀರನ್ನು ಮೇಲೆಲ್ಲ ಚಿಮುಕಿಸಿ, ಮುಚ್ಚಿ, ಸಣ್ಣ ಉರಿಯಲ್ಲಿ 5 ನಿಮಿಷ. ತಣ್ಣೀರು ಹಾಕಿದರೆ ಪಾತ್ರೆ ಮತ್ತೆ ಕಾಯುವಷ್ಟರಲ್ಲಿ ಹೊರಗಿನ ಪದರ ಮೆತ್ತಗಾಗಿರುತ್ತದೆ. ಇದು ಪ್ರತಿ ಸಲವೂ ಆಗುತ್ತಿದ್ದರೆ ಮುಚ್ಚಳ ಸಡಿಲವಿದೆ ಅಥವಾ ಉರಿ ಜಾಸ್ತಿಯಿದೆ.

ಮುದ್ದೆಯಾಗಿದೆ: ಅಗಲ ತಟ್ಟೆಯಲ್ಲಿ ತೆಳುವಾಗಿ ಹರಡಿ, 15 ನಿಮಿಷ ಗಾಳಿಗೆ ಬಿಡಿ. ತಣ್ಣಗಾದಂತೆ ಪಿಷ್ಟ ಬಿಗಿಯಾಗಿ ಕಾಳು ಸ್ವಲ್ಪಮಟ್ಟಿಗೆ ಬಿಡಿಬಿಡಿಯಾಗುತ್ತದೆ. ತೀರಾ ಕರಗಿಹೋಗಿದ್ದರೆ ಪಕ್ಕದ ಖಾದ್ಯವಾಗಿ ಅದನ್ನು ಉಳಿಸಲಾಗದು, ಸೂಪಿಗೆ ಹಾಕಿ ಮಂದ ಮಾಡಿಕೊಳ್ಳಿ.

ಬೆಂದ ಮೇಲೆ ಕಹಿ: ಜರಡಿಯಲ್ಲಿ ಹಾಕಿ ಮೇಲೆ ಬಿಸಿನೀರು ಸುರಿದು ಚೆನ್ನಾಗಿ ಬಸಿಯಿರಿ. ಬೆಣ್ಣೆ, ಉಪ್ಪು, ನಿಂಬೆರಸ ಸೇರಿದರೆ ಉಳಿದ ಸಣ್ಣ ಕಹಿ ನಾಲಿಗೆಗೆ ಅಷ್ಟಾಗಿ ತಿಳಿಯುವುದಿಲ್ಲ. ಅದೇ ಪೊಟ್ಟಣದ ಉಳಿದ ಕಾಳನ್ನು ಮುಂದಿನ ಸಲ ಬಸಿಯುವ ವಿಧಾನದಲ್ಲೇ ಬೇಯಿಸಿ. ಕಹಿಗೆ ಇನ್ನೊಂದು ಕಾರಣವೂ ಇರಬಹುದು. ಕಿನೋವಾದ ಭ್ರೂಣದಲ್ಲಿ ಎಣ್ಣೆಯ ಅಂಶವಿದೆ, ಹಳೆಯದಾದರೆ ಅದು ಕಮಟುತ್ತದೆ. ಒಣ ಕಾಳನ್ನೇ ಮೂಸಿದಾಗ ಹಳೆ ಎಣ್ಣೆಯ ವಾಸನೆ ಬಂದರೆ ತೊಳೆದು ಫಲವಿಲ್ಲ, ಎಸೆಯುವುದೇ ಸರಿ.

ತಳ ಸೀದಿದೆ: ಕೆರೆಯಬೇಡಿ, ಕದಡಬೇಡಿ. ಮೇಲಿನ ಕಾಳನ್ನು ಹಾಗೇ ಬೇರೆ ಪಾತ್ರೆಗೆ ತೆಗೆದು ಮುಚ್ಚಳವಿಲ್ಲದೆ ಐದು ನಿಮಿಷ ಬಿಡಿ. ಮುಚ್ಚಿಟ್ಟರೆ ಸೀದ ವಾಸನೆ ಎಲ್ಲಕ್ಕೂ ಹತ್ತುತ್ತದೆ.

ಎತ್ತಿಡುವುದು, ಮತ್ತೆ ಬಿಸಿ ಮಾಡುವುದು

ಬೇಯಿಸಿದ ಧಾನ್ಯಗಳಲ್ಲಿ ಕುದಿಗೂ ಸಾಯದ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಉಳಿದಿರಬಹುದು. ಕಾಳು ಬೆಚ್ಚಗೆ ಬಹಳ ಹೊತ್ತು ಹೊರಗಿದ್ದರೆ ಅವು ಬೆಳೆದು ವಿಷ ಬಿಡುತ್ತವೆ, ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗದು. ಆದ್ದರಿಂದ ಉಳಿದ ಕಿನೋವಾವನ್ನು ತಟ್ಟೆಯಲ್ಲಿ ಹರಡಿ ಬೇಗ ತಣಿಸಿ, ಬೇಯಿಸಿದ ಎರಡು ಗಂಟೆಯೊಳಗೆ ಮುಚ್ಚಿದ ಡಬ್ಬಿಯಲ್ಲಿ ಫ್ರಿಜ್ ಸೇರಿಸಿ. ನಾಲ್ಕು ದಿನ ಚೆನ್ನಾಗಿರುತ್ತದೆ. ಫ್ರೀಜರ್‌ನಲ್ಲಾದರೆ ಒಂದೊಂದು ಕಪ್ಪಿನಷ್ಟನ್ನು ಚೀಲಗಳಲ್ಲಿ ಚಪ್ಪಟೆಯಾಗಿ ತುಂಬಿ ಎರಡು ತಿಂಗಳಿಡಬಹುದು. ಚಪ್ಪಟೆಯಾಗಿದ್ದರೆ ಹೆಪ್ಪುಗಟ್ಟುವುದೂ ಕರಗುವುದೂ ಬೇಗ.

ತಣ್ಣಗಾದ ಕಾಳು ಗಟ್ಟಿಯಾಗಿರುವುದು ಸಹಜ. ಒಂದು ಕಪ್ಪಿಗೆ ಒಂದು ದೊಡ್ಡ ಚಮಚ ನೀರು ಚಿಮುಕಿಸಿ, ಮುಚ್ಚಿ, ಸಣ್ಣ ಉರಿಯಲ್ಲಿ 4-5 ನಿಮಿಷ ಅಥವಾ ಮೈಕ್ರೋವೇವ್‌ನಲ್ಲಿ ಒಂದೂವರೆ ನಿಮಿಷ ಇಡಿ. ಆವಿ ಏಳುವಷ್ಟು ಬಿಸಿಯಾದ ಮೇಲೆ ಫೋರ್ಕ್‌ನಿಂದ ಕೆದರಿ ಬಡಿಸಿ. ಒಮ್ಮೆ ಬಿಸಿ ಮಾಡಿದ್ದನ್ನು ಮತ್ತೆ ಫ್ರಿಜ್‌ಗೆ ಇಡಬೇಡಿ.

ಒಣ ಕಾಳನ್ನು ಗಾಳಿಯಾಡದ ಡಬ್ಬಿಯಲ್ಲಿ, ಒಲೆಯಿಂದ ದೂರ, ಬೆಳಕು ಬೀಳದ ತಂಪು ಜಾಗದಲ್ಲಿಡಿ. ಡಬ್ಬಿಯ ಮೇಲೆ ತೆರೆದ ದಿನಾಂಕ ಬರೆದಿಟ್ಟು, ಒಂದು ವರ್ಷದೊಳಗೆ ಮುಗಿಸಿ.